ಸಂಕಮ್ಮನ ಭಾಷೆ ಮತ್ತು ನ್ಯಾಯವ್ಯಾಪ್ತಿಯ ಪ್ರಶ್ನೆ

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೇಲ್ಮನವಿ ಮದರಾಸು ಹೈಕೋರ್ಟಿಗೆ ಹೋಗ್ತಿತ್ತು. ಆಮೇಲೆ ನ್ಯಾಯವ್ಯಾಪ್ತಿ ಮೈಸೂರಿನದಾಯ್ತು. ಆ ಸೀಮೆಯ ಮಲೆ ಮಾದೇಶ್ವರ ಕಾವ್ಯದಲ್ಲಿ ಇನ್ನೊಂದು ನ್ಯಾಯಸ್ಥಾನ ಇದೆ, ಮನೆ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಶೀಲದ ಭಾಷೆ ಕೇಳ್ತಾನೆ.

ಇದನ್ನ ಬರೀ ಜನಪದ ನಂಬಿಕೆ ಅಂತ ಬಿಡೋಕಾಗಲ್ಲ. ರೂಢಿಯೂ ಕಾನೂನಿನ ಒಂದು ಮೂಲವೇ. 1873ರ ಪ್ರಮಾಣ ಕಾಯ್ದೆಯಡಿ, ಎದುರಾಳಿ ಒಪ್ಪಿದರೆ, ಕಕ್ಷಿದಾರನ ಆಣೆಯ ಮೇಲೆಯೇ ದಾವೆ ತೀರ್ಮಾನ ಆಗಬಹುದಿತ್ತು. ಆಣೆ ಮಾಡಲ್ಲ ಅಂದವರನ್ನು ಮಾತ್ರ ಕೋರ್ಟು ಬಲವಂತ ಮಾಡುವಂತಿರಲಿಲ್ಲ. ನಿರಾಕರಣೆಯನ್ನೂ ಹೇಳಿದ ಕಾರಣವನ್ನೂ ದಾಖಲಿಸಬೇಕಿತ್ತು, ಅಷ್ಟೇ. ನೀಲೇಗೌಡನ ಮನೆಯಲ್ಲಿ ಆ ರಕ್ಷಣೆ ಇಲ್ಲ. ಆರೋಪ, ತೀರ್ಪು, ಚಿತ್ರಹಿಂಸೆ ಮೂರೂ ಗಂಡನದೇ.

ಸಂಕಮ್ಮ ಭಾಷೆ ಕೊಡಲ್ಲ. ಅದನ್ನ ಹಠ ಅಂತ ಓದೋದು ತಪ್ಪು. ಅವಳು ಗಂಡನ ನ್ಯಾಯವ್ಯಾಪ್ತಿಯನ್ನೇ ಒಪ್ಪಲಿಲ್ಲ. ಕೊನೆಗೆ ಬಿಡಿಸೋದು ಮಾದೇಶ್ವರ, ನಿಜ. ಆದರೆ ಅವಳ ಮಕ್ಕಳಾದ ಕಾರಯ್ಯ, ಬಿಲ್ಲಯ್ಯ ಅವನ ಪಾಲಾಗ್ತಾರೆ. ಇದರ ಬಗ್ಗೆ ನಮ್ಮ ವಿಮರ್ಶೆ ಇನ್ನೂ ಖಾರವಾಗಿ ಮಾತಾಡಬೇಕಿತ್ತು.