ನಮ್ಮ ಕಲ್ಲು, ಅವರ ಪುಸ್ತಕ

ಆದಿತ್ಯನಗರದ ಕಡೆಯವರಾದ ನಮಗೆ ಸುಣ್ಣದಕಲ್ಲು ಅಂದ್ರೆ ಎರಡೇ. ಫ್ಯಾಕ್ಟರಿಗೆ ಹೋದ್ರೆ ಸಿಮೆಂಟು, ಮನೆಗೆ ಬಂದ್ರೆ ಶಹಾಬಾದ್ ಫರಸಿ. ಪಕ್ಕದ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಸುಣ್ಣದಕಲ್ಲಿನ ಚಪ್ಪಡಿಗಳಿಂದಲೇ ಒಂದು ಬೌದ್ಧ ಸ್ತೂಪ ಕಟ್ಟಿದ್ರು. ಅದರಲ್ಲಿ ಅಶೋಕನ ಚಿತ್ರ ಕೆತ್ತಿ, ‘ರಾಯ ಅಸೋಕ’ ಅಂತ ಬ್ರಾಹ್ಮಿಯಲ್ಲಿ ಹೆಸರೂ ಬರೆದಿದ್ರು. ಇಷ್ಟು ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ, ಅದೂ ಇಂಗ್ಲಿಷಿನಲ್ಲಿ.

ನಾನು ನೋಡಿದ್ದು ಮೂರು ಪುಸ್ತಕ. ಮೊದಲನೆಯದು, 1990ರ ದಶಕದ ಉತ್ಖನನದ ಬಗ್ಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೆ.ಪಿ. ಪೂಣಚ್ಚ ಬರೆದ ವರದಿ. ಎರಡನೆಯದು, ಮೈಕೊ ನಕಾನಿಶಿ ಮತ್ತು ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್ ಅವರ ಶಾಸನ ಸಂಪುಟ. 2014ರಲ್ಲಿ ಟೋಕಿಯೋದ ಸೋಕಾ ವಿಶ್ವವಿದ್ಯಾಲಯ ತಂದದ್ದು. ಮೂರನೆಯದು, 2018ರಲ್ಲಿ ಬಂದ ಮೊನಿಕಾ ಜಿನ್ ಅವರ ಅಧ್ಯಯನ. ಗುಮ್ಮಟಕ್ಕೆ ಹೊದಿಸಿದ್ದ 60 ದೊಡ್ಡ ಚಪ್ಪಡಿಗಳನ್ನು ಹಿಡಿದು, ಯಾವ ಚಿತ್ರ ಯಾವ ಕಥೆ ಹೇಳ್ತದೆ ಅಂತ ಜಿನ್ ಬಿಡಿಸುವ ತಾಳ್ಮೆ ದೊಡ್ಡದು. ಹಳೇ ಕೋಡಿನಲ್ಲಿ ಬಗ್ ಹುಡುಕಿದವರಿಗೆ ಈ ಕಷ್ಟ ಅರ್ಥ ಆದೀತು.

‘ವಿದೇಶಿಯರು ಬಂದು ದೋಚಿಕೊಂಡು ಹೋದ್ರು’ ಅನ್ನೋ ಹಳೇ ರಾಗ ಇಲ್ಲಿ ನಡೆಯಲ್ಲ. ಕಲ್ಲುಗಳು ಊರಲ್ಲೇ ಇವೆ. ಅಗೆದ ಮೇಲೆ ವರ್ಷಗಟ್ಟಲೆ ಅವನ್ನು ಬಿಸಿಲಿಗೆ ಬಿಟ್ಟವರು ನಾವು. ಸಂರಕ್ಷಣೆ ಕೆಲಸ ಶುರುವಾಗಿದ್ದು 2022ರಲ್ಲಿ, ಅಂದ್ರೆ ಟೋಕಿಯೋ ಸಂಪುಟ ಬಂದು ಎಂಟು ವರ್ಷಕ್ಕೆ!

ನನ್ನ ತಕರಾರು ಬೇರೆ. ಮೂರೂ ಇಂಗ್ಲಿಷ್ ಪುಸ್ತಕ, ಪೂಣಚ್ಚ ಅವರದ್ದೂ ಸೇರಿ. ಭಾರತ, ಜಪಾನ್, ಜರ್ಮನಿಯ ವಿದ್ವಾಂಸರು ಒಬ್ಬರನ್ನೊಬ್ಬರು ಓದ್ತಾರೆ, ಅಡಿಟಿಪ್ಪಣಿಯಲ್ಲಿ ಹೆಸರು ಹೇಳ್ತಾರೆ. ಅವರವರ ನಡುವೆ ಲೆಕ್ಕ ಚೊಕ್ಕ. ಊರಿನವರು ಮಾತ್ರ ಆ ಲೆಕ್ಕದಲ್ಲಿ ಇಲ್ಲ. ಓಪನ್ ಸೋರ್ಸ್‌ನಲ್ಲಿ ಒಂದು ಕಾಗುಣಿತ ತಿದ್ದಿದವನ ಹೆಸರೂ ಕಮಿಟ್ ಹಿಸ್ಟರಿಯಲ್ಲಿ ಉಳೀತದೆ. ಉತ್ಖನನ ವರದಿಗಳಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತವರು ಸಾಮಾನ್ಯವಾಗಿ ‘ಕೂಲಿಗಳು’ ಅನ್ನೋ ಒಂದೇ ಪದ. ಆ ಸ್ತೂಪ ಕಟ್ಟಿದವರೇ ವಾಸಿ. ಕಲ್ಲು ಕೊಟ್ಟ ಗೃಹಸ್ಥರ, ಭಿಕ್ಷುಣಿಯರ ಹೆಸರನ್ನು ಕಲ್ಲಿನ ಮೇಲೇ ಬರೆಸಿದ್ರು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಸ್ಥಳದಲ್ಲಿ ಅಧ್ಯಯನಕ್ಕೆ, ಫೋಟೋಕ್ಕೆ ಅನುಮತಿ ಕೊಡುವಾಗಲೇ ಒಂದು ಷರತ್ತು ಹಾಕಿ: ಪುಸ್ತಕದ ಜೊತೆ ಹತ್ತು ಪುಟ ಕನ್ನಡ ಸಾರಾಂಶ, ಪಂಚಾಯ್ತಿಗೊಂದು, ಶಾಲೆಗೊಂದು ಪ್ರತಿ. ಅನುವಾದಕರಿಗೆ ದುಡ್ಡನ್ನು ಸಂಶೋಧನೆಯ ಅನುದಾನದಲ್ಲೇ ಇಡಿ, ಹೆಸರನ್ನೂ ಹಾಕಿ. ಇದು ವಿದೇಶಿ ತಂಡಕ್ಕಷ್ಟೇ ಅಲ್ಲ, ದಿಲ್ಲಿಗೂ.

ಕಳೆದ ಸಲ ಊರಿಗೆ ಹೋದಾಗ ಕಾಕಾ ನನ್ನ ಲ್ಯಾಪ್‌ಟಾಪಿನಲ್ಲಿ ಆ ಚಿತ್ರಗಳನ್ನ ನೋಡಿ, “ಏನ್ ಬರ್ದಾರಪಾ ಇದ್ರಾಗ?” ಅಂದ್ರು. ತಡವರಿಸುತ್ತಾ ಓದಿ ಹೇಳಿದೆ. ಭಿಕ್ಷುಣಿಯರ ದಾನದ ಸಾಲು ಬಂದಾಗ ತಡೆದು ಕೇಳಿದ್ರು, “ಹೆಣ್ಮಕ್ಕಳ ಹೆಸರೂ ಬರ್ದಾರೇನು?”

“ಬರ್ದಾರ ಕಾಕಾ.”

“ಮತ್ತ ನಮಗ ಯಾರೂ ಹೇಳೇ ಇಲ್ಲಲ್ಲೋ.”