ತಲೆಬಾಗದವರನ್ನೂ ಲೆಕ್ಕಕ್ಕೆ ಹಿಡಿಯೋಣ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಶುರುಮಾಡಿದ ವಿಧೇಯತೆಯ ಪ್ರಯೋಗ ಮನಃಶಾಸ್ತ್ರದ ಪಾಠಗಳಲ್ಲಿ ಬಹಳ ಹೆಸರಾದದ್ದು. ಗೋಡೆಯಾಚೆ ಕೂತವನು ತಪ್ಪು ಉತ್ತರ ಹೇಳಿದಾಗೆಲ್ಲ 15 ವೋಲ್ಟ್ ಏರಿಸುತ್ತ ಅವನಿಗೆ ವಿದ್ಯುತ್ ಆಘಾತ ಕೊಡಬೇಕು. ಆಘಾತ ಬರೀ ನಟನೆ. ಸ್ವಿಚ್ ಒತ್ತುವವರಿಗೆ ಅದನ್ನು ಹೇಳಿರಲಿಲ್ಲ. ಅವರು ಹಿಂಜರಿದರೆ ಪ್ರಯೋಗ ನಡೆಸುವವನು 'ಮುಂದುವರಿಸಿ' ಎನ್ನುತ್ತಿದ್ದ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು.

ಹೊಸಪೇಟೆ, ಸಂಡೂರಿನವರಿಗೆ ಇದು ದೂರದ ಕಥೆಯಲ್ಲ. ಸಂಡೂರಿನ ಗುಡ್ಡಗಳ ಅದಿರು ಹೊತ್ತ ಲಾರಿಗಳು ಹೊಸಪೇಟೆ ದಾಟಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನತ್ತ ಹಗಲಿರುಳು ಓಡಿದ ಕಾಲವನ್ನು ಅವರು ಕಂಡಿದ್ದಾರೆ. ಒಬ್ಬರು ಪರ್ಮಿಟ್‌ಗೆ ಸಹಿ ಹಾಕಿದರು, ಒಬ್ಬರು ಚೆಕ್‌ಪೋಸ್ಟ್‌ನಲ್ಲಿ ಗೇಟ್ ಎತ್ತಿದರು, ಒಬ್ಬರು ಓವರ್‌ಲೋಡ್ ಲಾರಿಯನ್ನು ನೋಡಿಯೂ ಸುಮ್ಮನಿದ್ದರು. 'ಮೇಲಿನವರು ಹೇಳಿದ್ದಾರೆ' ಎಂಬ ಮಾತು ಎಲ್ಲರಿಗೂ ಆಸರೆಯಾಯಿತು. ಬಳ್ಳಾರಿಯ ಈ ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಸಲ್ಲಿಸಿದ ಲೋಕಾಯುಕ್ತ ವರದಿಯಲ್ಲಿ ನೂರಾರು ಅಧಿಕಾರಿಗಳ ಹೆಸರುಗಳಿದ್ದವು.

ಆದರೆ ಮಿಲ್‌ಗ್ರಾಂ ಪ್ರಯೋಗಕ್ಕೆ ಇಲ್ಲಿ ಒಂದು ಮಿತಿಯಿದೆ. ಅಲ್ಲಿ ಭಾಗವಹಿಸಿದವರಿಗೆ ಸಿಗುತ್ತಿದ್ದ ನಾಲ್ಕು ಡಾಲರ್, ನಡುವೆ ಎದ್ದು ಹೋದರೂ ಅವರದೇ. ಎತ್ತಂಗಡಿಯ ಭಯವಿಲ್ಲ, ಮಾಮೂಲಿನ ಆಸೆಯಿಲ್ಲ. ಲೋಕಾಯುಕ್ತ ವರದಿಯಲ್ಲಿ ಲಂಚದ ಲೆಕ್ಕಗಳೂ ಇವೆ. ಆದ್ದರಿಂದ ಬಳ್ಳಾರಿ ಗಣಿ ಹಗರಣವನ್ನು ಬರೀ ವಿಧೇಯತೆ ಎಂದು ವಿವರಿಸುವುದು ತಪ್ಪಿತಸ್ಥರಿಗೆ ಮಾಫಿ ಕೊಟ್ಟಂತೆ.

ಪ್ರಯೋಗದ ನಿಜವಾದ ಬೆಲೆ ಜನ ಮರೆತಿರುವ ಭಾಗದಲ್ಲಿದೆ. ಮಿಲ್‌ಗ್ರಾಂ ಇದನ್ನು ಹಲವು ಬಗೆಯಲ್ಲಿ ನಡೆಸಿದ್ದರು. ಜೊತೆಗೆ ಕೂತ ಇಬ್ಬರು 'ನಾವು ಮಾಡುವುದಿಲ್ಲ' ಎಂದು ಎದ್ದಾಗ, 40 ಜನರಲ್ಲಿ ಕೊನೆಯವರೆಗೆ ಹೋದವರು ನಾಲ್ಕೇ ಜನ. ಆಜ್ಞೆ ಕೊಡುವವನು ಎದುರಿಲ್ಲದೆ ಫೋನಿನಲ್ಲಿ ಮಾತಾಡಿದಾಗಲೂ ವಿಧೇಯತೆ ಕುಸಿಯಿತು.

ನಮ್ಮಲ್ಲೂ ಹಾಗೆ ಎದ್ದವರಿದ್ದರು. 2010ರಲ್ಲಿ ಬೇಲೆಕೇರಿಯಲ್ಲಿ ಅಕ್ರಮ ಅದಿರನ್ನು ಜಪ್ತಿ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅಮಾನತಿನ ಬೆದರಿಕೆ ಎದುರಿಸಿದರು. ಅವರ ಪರ ನಿಂತ ಹೆಗ್ಡೆ ಆ ಜೂನ್‌ನಲ್ಲಿ ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಕೊಟ್ಟರು. ಮುಂದೆ ಅದನ್ನು ಹಿಂಪಡೆದು ತನಿಖೆ ಮುಗಿಸಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಕೋರ್ಟ್ ತಡೆ ನೀಡಿತು.

ಮನುಷ್ಯ ಆಜ್ಞೆಗೆ ಬಾಗುವ ಪ್ರಾಣಿ ಎಂಬಷ್ಟಕ್ಕೇ ಈ ಪ್ರಯೋಗದ ಪಾಠ ನಿಲ್ಲಬಾರದು. ಕಾಲೇಜಿನಲ್ಲಿ ಇದನ್ನು ಕಲಿಸುವವರು 26ರ ಜೊತೆಗೆ ಆ ನಾಲ್ಕರ ಲೆಕ್ಕವನ್ನೂ ಹೇಳಲಿ. ಸಹೋದ್ಯೋಗಿಯೊಬ್ಬ 'ಸಹಿ ಹಾಕಲ್ಲ' ಎಂದಾಗ ಅವನ ಪಕ್ಕ ನಿಲ್ಲುವುದು ನಮ್ಮೆಲ್ಲರ ಕೆಲಸ.