ಕಡಲಕಳೆ ಉಂಡ ಟೊಮೆಟೊ

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ತಾರಸಿಗಳಲ್ಲಿ ಏಪ್ರಿಲ್ ಬಿಸಿಲು ಏರಿದರೆ ಟೊಮೆಟೊ ಹೂ ಉದುರುತ್ತದೆ. ಆಗ ನೆರವಾಗುವುದು ಕಡಲಕಳೆಯ ರಸ.

ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಬಿದಿರಿನ ತೆಪ್ಪಗಳಿಗೆ ಕಟ್ಟಿ ಕಪ್ಪಾಫೈಕಸ್ ಎಂಬ ಕಡಲಕಳೆ ಬೆಳೆಸುತ್ತಾರೆ. ಅದನ್ನು ಹಸಿಯಾಗಿಯೇ ಅರೆದು ಸೋಸುವ ವಿಧಾನ ರೂಪಿಸಿದ್ದು ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಎಂಥ ಜಾಣ್ಮೆ! ಚರಟದಿಂದ ಆಹಾರೋದ್ಯಮಕ್ಕೆ ಕ್ಯಾರಜೀನನ್ ಎಂಬ ಮಂದಕಾರಕ, ರಸದಿಂದ ಬೆಳೆಗೆ ಚೈತನ್ಯ. ರಸದಲ್ಲಿ ಪೊಟ್ಯಾಶ್ ಜೊತೆಗೆ ಆಕ್ಸಿನ್, ಸೈಟೊಕೈನಿನ್ ಎಂಬ ಸಸ್ಯಚೋದಕಗಳಿವೆ. ಬೇರು ಹಬ್ಬಲು, ಗಿಡ ಬಿಸಿಲಿನ ಬಾಧೆ ತಾಳಲು ಅವು ನೆರವಾಗುತ್ತವೆ. ಬೆಂಗಳೂರಿನದೇ ಸೀ ಸಿಕ್ಸ್ ಎನರ್ಜಿ ಕಂಪನಿ ಕಡಲಕಳೆಯಿಂದ ಬೆಳೆಚೋದಕ ತಯಾರಿಸುತ್ತದೆ.

2021ರಲ್ಲಿ ಕೇಂದ್ರ ಸರ್ಕಾರ ಇಂಥ ಜೈವಿಕ ಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದಿತು.

ಕಡಲಕಳೆಯ ರಸ ಗೊಬ್ಬರಕ್ಕೆ ಬದಲಿಯಲ್ಲ. ಕುಂಡಕ್ಕೆ ಎರೆಗೊಬ್ಬರ ಬೇಕೇ ಬೇಕು. ಡಬ್ಬಿಯ ಮೇಲಿನ ಅಳತೆ ಮೀರದೆ, ಹೂ ಬಿಡುವ ಮುನ್ನ, ತಂಪು ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸಿ ನೋಡಿ.